ರೀಕಾಲ್ ಹುಡುಕುವ ತಾಣಗಳು: ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಬರೀ ಹೆದರಿಸುತ್ತದೆ

ಆಸ್ಪತ್ರೆಯಲ್ಲಿರುವ ಯಂತ್ರದ ಮೇಲೆ ರೀಕಾಲ್ ಬಂದಿದೆಯೇ, ಅಂದರೆ ದೋಷ ಕಂಡು ಅದನ್ನು ಸರಿಪಡಿಸಲು ಅಥವಾ ಹಿಂತೆಗೆಯಲು ಕಂಪನಿ ಹೊರಟಿದೆಯೇ ಎಂದು ನೋಡಲು ನಯಾಪೈಸೆ ಕೊಡಬೇಕಿಲ್ಲ. ಅಮೆರಿಕದ ಎಫ್‌ಡಿಎ, ಬ್ರಿಟನ್ನಿನ ಎಂಎಚ್‌ಆರ್‌ಎ, ನಮ್ಮ ಸಿಡಿಎಸ್‌ಸಿಒ, ಔಷಧ ಮತ್ತು ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡುವ ಈ ಸರ್ಕಾರಿ ಸಂಸ್ಥೆಗಳ ತಾಣಗಳೆಲ್ಲ ಪುಕ್ಕಟೆ. ಹಾಗಿದ್ದೂ ಆಸ್ಪತ್ರೆಯ ಯಂತ್ರಗಳನ್ನು ನೋಡಿಕೊಳ್ಳುವ ನಮ್ಮ ಕಡೆಯ ಬಯೋಮೆಡಿಕಲ್ ವಿಭಾಗಗಳಲ್ಲಿ ಇವನ್ನು ತೆರೆದು ನೋಡುವವರು ಕಡಿಮೆ. ನೋಡಿದರೂ ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಎನ್‌ಎಬಿಎಚ್‌ನ ತಪಾಸಣೆಗೆ ವಾರ ಇರುವಾಗ, ಫೈಲಿಗೆ ಒಂದಷ್ಟು ಪ್ರಿಂಟ್ ಹಾಕಿಕೊಳ್ಳಲು. ಹುಬ್ಬಳ್ಳಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಫೋನ್ ಮಾಡಿ, "ಮೇಡಂ, ಇಷ್ಟೊಂದು ಅದಾವಲ್ರೀ, ಯಾವುದನ್ನ ನಂಬಬೇಕ್ರೀ?" ಎಂದು ಕೇಳಿದ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಯೋಮೆಡಿಕಲ್ ನೋಡಿಕೊಳ್ಳುವವಳು. ವಿಭಾಗ ಅಂದರೆ ನಾನು, ಇಬ್ಬರು ಟೆಕ್ನಿಷಿಯನ್ ಹುಡುಗರು, ಬೇಸ್‌ಮೆಂಟಿನಲ್ಲಿ ಆಕ್ಸಿಜನ್ ಮ್ಯಾನಿಫೋಲ್ಡ್ ಕೋಣೆಯ ಪಕ್ಕ ಒಂದು ರೂಮು. ಬೆಂಗಳೂರಿನ ದೊಡ್ಡ ಕಾರ್ಪೊರೇಟ್ ಆಸ್ಪತ್ರೆಗಳ ಹಾಗೆ ರೀಕಾಲ್ ನೋಡಲೆಂದೇ ಒಬ್ಬರನ್ನು ಇಟ್ಟುಕೊಳ್ಳುವ ಭಾಗ್ಯ ನಮಗಿಲ್ಲ. ಆದ್ದರಿಂದ ಇದು ಜಿಲ್ಲಾ ಮಟ್ಟದ ಆಸ್ಪತ್ರೆಯ ಕುರ್ಚಿಯಿಂದ ಬರೆದ ವಿಮರ್ಶೆ ಎಂದು ಓದಿಕೊಳ್ಳಿ.

ತಾಣಗಳಿಗೆ ಹೋಗುವ ಮೊದಲು ಒಂದು ಮಾತು. ರೀಕಾಲ್ ಎಂದ ಕೂಡಲೇ ಯಂತ್ರವನ್ನು ಪ್ಯಾಕ್ ಮಾಡಿ ಲಾರಿಗೆ ಏರಿಸಬೇಕು ಎಂದು ನಮ್ಮ ಆಡಳಿತದವರು ಅಂದುಕೊಳ್ಳುತ್ತಾರೆ. ಹಾಗಾಗುವುದು ಕೆಲವು ಸಲ ಮಾತ್ರ. 2017ರ ಆಗಸ್ಟ್‌ನಲ್ಲಿ ಅಬಾಟ್ ಕಂಪನಿಯ ಪೇಸ್‌ಮೇಕರ್‌ಗಳ ಮೇಲೆ ಒಂದು ಪ್ರಕಟಣೆ ಬಂತು. ಮೊದಲು ಸೇಂಟ್ ಜೂಡ್ ಹೆಸರಲ್ಲಿದ್ದ ಸಾಧನಗಳು ಅವು. ಅಮೆರಿಕವೊಂದರಲ್ಲೇ ಸುಮಾರು 4,65,000. ಹತ್ತಿರದಲ್ಲಿರುವ ಕಿಡಿಗೇಡಿ ರೇಡಿಯೊ ಸಂಪರ್ಕದ ಮೂಲಕ ನುಗ್ಗಿ ಬ್ಯಾಟರಿ ಬೇಗ ಖಾಲಿಯಾಗುವಂತೆ ಮಾಡಬಹುದು, ಬಡಿತದ ಸೆಟ್ಟಿಂಗ್ ಬದಲಿಸಬಹುದು ಎಂಬುದು ಆತಂಕ. ಪರಿಹಾರ ಏನು? ರೋಗಿ ಆಸ್ಪತ್ರೆಗೆ ಬಂದು ಕೂತರೆ ಸುಮಾರು ಮೂರು ನಿಮಿಷದಲ್ಲಿ ಫರ್ಮ್‌ವೇರ್ (ಸಾಧನದೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್. ಸಾಧನವನ್ನು ತೆಗೆದು ಹಾಕಬೇಡಿ ಎಂದು ಎಫ್‌ಡಿಎ ಸ್ಪಷ್ಟವಾಗಿ ಹೇಳಿತ್ತು. ಇನ್ನೊಂದು ತುದಿಯಲ್ಲಿ ರಕ್ತನಾಳಕ್ಕೆ ಔಷಧವನ್ನು ಅಳತೆ ಮಾಡಿ ಹರಿಸುವ ಯಂತ್ರ, ಬ್ಯಾಕ್ಸ್‌ಟರ್ ಕಂಪನಿಯ ಕಾಲೀಗ್ ಇನ್‌ಫ್ಯೂಷನ್ ಪಂಪ್ ಇದೆ: ವರ್ಷಗಟ್ಟಲೆ ರಿಪೇರಿ, ತಿದ್ದುಪಡಿ ಎಂದು ಎಳೆದಾಡಿದ ಮೇಲೆ 2010ರಲ್ಲಿ ಎಫ್‌ಡಿಎ ಸುಮಾರು 2 ಲಕ್ಷ ಪಂಪುಗಳನ್ನು ಹಿಂತೆಗೆದು ನಾಶಮಾಡಿ ಎಂದು ಆದೇಶಿಸಿತು. ಎರಡೂ ರೀಕಾಲ್ ಪಟ್ಟಿಯಲ್ಲೇ ಬರುತ್ತವೆ. ನಡುವೆ ಲೇಬಲ್ ಬದಲಾವಣೆ, ಕೈಪಿಡಿಯ ಒಂದು ಪುಟದ ತಿದ್ದುಪಡಿ, ಒಂದು ಸ್ಕ್ರೂ ಬಿಗಿ ಮಾಡುವುದು, ಹೀಗೆ ಏನೇನೋ.

ಈಗ ಎಫ್‌ಡಿಎಯ ರೀಕಾಲ್ ಡೇಟಾಬೇಸ್. ನನ್ನ ಮಟ್ಟಿಗೆ ಇದೇ ಮೊದಲನೆಯದು. ಹತ್ತಕ್ಕೆ ಎಂಟು ಅಂಕ. 2002ರ ನವೆಂಬರ್‌ನಿಂದ ವರ್ಗೀಕರಿಸಿದ ರೀಕಾಲ್‌ಗಳು ಇದರಲ್ಲಿವೆ. ಉತ್ಪನ್ನದ ಹೆಸರು, ಕಂಪನಿ, ದಿನಾಂಕ, ವರ್ಗ, ಹೇಗೆ ಬೇಕಾದರೂ ಹುಡುಕಬಹುದು. ಪುಟದ ರೂಪ ನೋಡಿದರೆ ಇಪ್ಪತ್ತು ವರ್ಷ ಹಿಂದಿನ ಸರ್ಕಾರಿ ತಾಣದ ಹಾಗೇ ಇದೆ, ಆದರೆ ಚಿತ್ರಗಳ ಆಡಂಬರ ಇಲ್ಲದ ಕಾರಣ ಬೇಸ್‌ಮೆಂಟಿನ ನಮ್ಮ ನಿಧಾನದ ನೆಟ್‌ನಲ್ಲೂ ತೆರೆದುಕೊಳ್ಳುತ್ತದೆ. ಅದು ನನಗೆ ಮುಖ್ಯ.

ಒಂದು ದಾಖಲೆ ತೆರೆದರೆ ಮೊದಲು ಕಾಣುವುದು ವರ್ಗ. ಒಂದನೇ ವರ್ಗವೆಂದರೆ ಸಾವು ಅಥವಾ ಗಂಭೀರ ಹಾನಿ ಆಗುವ ಸಾಧ್ಯತೆ ಇದೆ ಎಂದು. ಎರಡನೆಯದು ತಾತ್ಕಾಲಿಕ ಅಥವಾ ಗುಣವಾಗಬಲ್ಲ ತೊಂದರೆ. ಮೂರನೆಯದರಲ್ಲಿ ಹಾನಿಯ ಸಂಭವ ಇಲ್ಲವೆನ್ನುವಷ್ಟು. ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಅದೇ ಎಫ್‌ಡಿಎ ಸಾಧನಗಳನ್ನೂ ಒಂದು, ಎರಡು, ಮೂರು ಎಂದು ವಿಂಗಡಿಸುತ್ತದೆ, ಆದರೆ ಅಲ್ಲಿ ಲೆಕ್ಕ ಉಲ್ಟಾ: ಒಂದನೇ ವರ್ಗದ ಸಾಧನ ಎಂದರೆ ನಾಲಿಗೆ ಒತ್ತುವ ಕಡ್ಡಿಯಂಥ ಕಡಿಮೆ ಅಪಾಯದ್ದು. ಸಾಧನದ ಒಂದನೇ ವರ್ಗ ನೋಡಿ ನಿಶ್ಚಿಂತೆಯಿಂದ ಇರಬಹುದು. ರೀಕಾಲಿನ ಒಂದನೇ ವರ್ಗ ನೋಡಿದರೆ ಎದ್ದು ಐಸಿಯುಗೆ ಓಡಬೇಕು. ನಮ್ಮ ದೇಶದ ನಿಯಮದಲ್ಲಿ ಸಾಧನಗಳಿಗೆ ಎ, ಬಿ, ಸಿ, ಡಿ ಎಂದಿದೆ. ಅಷ್ಟರಮಟ್ಟಿಗೆ ನಮ್ಮವರೇ ವಾಸಿ.

ಆಮೇಲೆ ನೋಡಬೇಕಾದದ್ದು ಲಾಟ್ (ಒಟ್ಟಿಗೆ ತಯಾರಾದ ಕಂತಿನ) ಮತ್ತು ಸೀರಿಯಲ್ ನಂಬರ್ ಇರುವ ಸಾಲು. ಕೆಲವೊಮ್ಮೆ ಎರಡೇ ನಂಬರ್ ಇರುತ್ತವೆ, ಕೆಲವೊಮ್ಮೆ ಪುಟಗಟ್ಟಲೆ. ಅದರ ಕೆಳಗೆ ಕಾರಣ, ಕಂಪನಿ ತೆಗೆದುಕೊಂಡ ಕ್ರಮ, ಎಷ್ಟು ಸಾಧನ ಮಾರುಕಟ್ಟೆಯಲ್ಲಿವೆ, ಎಲ್ಲೆಲ್ಲಿಗೆ ಹೋಗಿವೆ. ಈ ಕೊನೆಯ ಸಾಲು ನನಗೆ ಬಂಗಾರ. ಹಲವು ದಾಖಲೆಗಳಲ್ಲಿ ದೇಶಗಳ ಹೆಸರನ್ನು ಬಿಡಿಬಿಡಿಯಾಗಿ ಕೊಟ್ಟಿರುತ್ತಾರೆ, ಅದರಲ್ಲಿ ಭಾರತದ ಹೆಸರಿದೆಯೇ ಎಂದು ಅರ್ಧ ನಿಮಿಷದಲ್ಲಿ ನೋಡಿಬಿಡಬಹುದು. ಇದ್ದರೆ ಕೆಲಸ ಶುರು. ಇಲ್ಲದಿದ್ದರೆ ನಿರಾಳ ಎನ್ನುವಂತಿಲ್ಲ. ಹಳೆಯದನ್ನು ದುರಸ್ತಿ ಮಾಡಿ ಮಾರಿದ್ದು (ರಿಫರ್ಬಿಷ್), ದಾನವಾಗಿ ಬಂದದ್ದು ಆ ಪಟ್ಟಿಯಲ್ಲಿ ಇರುವುದಿಲ್ಲ.

ಹುಡುಕುವಾಗ ಕಾಡುವುದು ಕಂಪನಿಗಳ ಹೆಸರು. ನಮ್ಮ ಎರಡನೇ ಮಹಡಿಯ ಹಳೆಯ ಪಂಪಿನ ಮೇಲೆ ಹೊಸ್ಪಿರಾ ಎಂದಿದೆ. ಹೊಸ್ಪಿರಾವನ್ನು 2015ರಲ್ಲಿ ಫೈಜರ್ ಕೊಂಡಿತು, 2017ರಲ್ಲಿ ಪಂಪಿನ ವ್ಯವಹಾರ ಐಸಿಯು ಮೆಡಿಕಲ್ ಎಂಬ ಕಂಪನಿಗೆ ಹೋಯಿತು. ಕೇರ್‌ಫ್ಯೂಷನ್ ಬೆಕ್ಟನ್ ಡಿಕಿನ್ಸನ್ (ಬಿ.ಡಿ.) ಕಂಪನಿಯ ಪಾಲಾಯಿತು, ಕೊವಿಡಿಯನ್ ಮೆಡ್‌ಟ್ರಾನಿಕ್‌ನೊಳಗೆ ಸೇರಿತು. ಲಗ್ನವಾಗಿ ಮನೆತನದ ಹೆಸರು ಬದಲಾದ ಹುಡುಗಿಯನ್ನು ಹಳೆಯ ಹಾಜರಿ ಪುಸ್ತಕದಲ್ಲಿ ಹುಡುಕಿದ ಹಾಗೆ. ಆದ್ದರಿಂದ ಕಂಪನಿಯ ಹೆಸರಿಗಿಂತ ಯಂತ್ರದ ವ್ಯಾಪಾರಿ ಹೆಸರು ಹಾಕಿ ಹುಡುಕುವುದು ಉತ್ತಮ. ಡೇಟಾಬೇಸಿನ ಇನ್ನೊಂದು ಕೊರತೆ ತಡ. ಕಂಪನಿ ಆಸ್ಪತ್ರೆಗಳಿಗೆ ರೀಕಾಲ್ ಪತ್ರ ಬರೆದ ದಿನಕ್ಕೂ ಎಫ್‌ಡಿಎ ವರ್ಗ ನಿರ್ಧರಿಸುವ ದಿನಕ್ಕೂ ನಡುವೆ ವಾರಗಳೇ ಕಳೆಯಬಹುದು. 2017ರಿಂದ ವರ್ಗೀಕರಣಕ್ಕೆ ಮೊದಲೂ ಕೆಲವನ್ನು ಸೇರಿಸುತ್ತಿದ್ದಾರೆ. ಎರಡು ಅಂಕ ಕಳೆದದ್ದು ಈ ತಡಕ್ಕೆ ಮತ್ತು ಮೂಲ ಪತ್ರ ಅಲ್ಲಿ ಇಲ್ಲದ್ದಕ್ಕೆ.

ಆ ಪತ್ರ ಬೇಕೆಂದರೆ ಬ್ರಿಟನ್ನಿಗೆ ಹೋಗಬೇಕು. ಎಂಎಚ್‌ಆರ್‌ಎ ವಾರವಾರ ಫೀಲ್ಡ್ ಸೇಫ್ಟಿ ನೋಟಿಸ್‌ಗಳನ್ನು ಕಂತೆಯಾಗಿ ಹಾಕುತ್ತದೆ; ಕಂಪನಿ ಆಸ್ಪತ್ರೆಗಳಿಗೆ ಬರೆದ ಪತ್ರವೇ ಪಿಡಿಎಫ್ ಆಗಿ ಸಿಗುತ್ತದೆ. ಯಾವ ಮಾಡೆಲ್, ಯಾವ ಸಾಫ್ಟ್‌ವೇರ್ ಆವೃತ್ತಿ, ಬಳಸುವವರು ಇವತ್ತೇ ಏನು ಮಾಡಬೇಕು, ಸಹಿ ಹಾಕಿ ಯಾರಿಗೆ ಮರಳಿಸಬೇಕು ಎಲ್ಲ ಇರುತ್ತದೆ. ಎಷ್ಟೋ ಪತ್ರಗಳಲ್ಲಿ ಚಿತ್ರ ಸಹಿತ ತೋರಿಸಿರುತ್ತಾರೆ: ಈ ಲಿವರ್ ಇಲ್ಲಿ ಬಿರುಕು ಬಿಡುತ್ತದೆ, ಬಾಣದ ಗುರುತು ನೋಡಿ ಅಂತ. ಟೆಕ್ನಿಷಿಯನ್ ಹುಡುಗರ ಕೈಗೆ ಕೊಟ್ಟರೆ ನನ್ನ ವಿವರಣೆ ಬೇಕಾಗುವುದಿಲ್ಲ. ಇಮೇಲ್‌ಗೆ ನೋಂದಾಯಿಸಿಕೊಂಡರೆ ತಾನಾಗಿ ಬರುತ್ತದೆ. ತೊಂದರೆಯೆಂದರೆ ಕಂತೆಯಲ್ಲಿ ನಮಗೆ ಸಂಬಂಧವಿಲ್ಲದ್ದೇ ಹೆಚ್ಚು. ಲ್ಯಾಬಿನ ಕಿಟ್, ಹಲ್ಲಿನ ಸಾಮಾನು, ನಾವು ಕಂಡೇ ಇರದ ರೋಬೊಟ್. ಚಹಾ ಕುಡಿಯುತ್ತ ತಲೆಬರಹಗಳ ಮೇಲೆ ಕಣ್ಣಾಡಿಸಿದರೆ ಮುಗಿಯಿತು. ಎಫ್‌ಡಿಎಯಲ್ಲಿ ಹುಡುಕಿ, ಎಂಎಚ್‌ಆರ್‌ಎಯಲ್ಲಿ ಓದಿ ಎಂಬುದು ನಾನು ಹುಬ್ಬಳ್ಳಿಯ ಹುಡುಗನಿಗೆ ಕೊಟ್ಟ ಸಲಹೆ.

ಮಾಡ್ (MAUDE) ಎಂಬ ಇನ್ನೊಂದು ಎಫ್‌ಡಿಎ ಸಂಗ್ರಹ ಇದೆ. ಅಲ್ಲಿರುವುದು ರೀಕಾಲ್ ಅಲ್ಲ, ದೂರುಗಳು. ತಯಾರಕರು, ಆಸ್ಪತ್ರೆಗಳು, ರೋಗಿಗಳು ಕಳಿಸಿದ ಘಟನೆಗಳ ವರದಿ; ತಿಂಗಳಿಗೊಮ್ಮೆ ಹೊಸದು ಸೇರುತ್ತದೆ. ಹೊಸಬರಿಗೆ ಇದನ್ನು ತೋರಿಸಲು ನನಗೆ ಹೆದರಿಕೆ. ಯಾವ ಹೆಸರಾಂತ ವೆಂಟಿಲೇಟರ್ ಹೆಸರು ಹಾಕಿದರೂ ಸಾವು, ಗಾಯ ಎಂದು ಪಟ್ಟಿ ಬೀಳುತ್ತದೆ. ಜಾಸ್ತಿ ಮಾರಾಟವಾದ ಯಂತ್ರಕ್ಕೆ ಜಾಸ್ತಿ ದೂರು, ಅಷ್ಟೆ. ಈ ಸಂಖ್ಯೆಗಳಿಂದ ಅಪಾಯದ ಪ್ರಮಾಣ ಲೆಕ್ಕ ಹಾಕಬೇಡಿ, ಸಾಧನವೇ ಕಾರಣ ಎಂದು ತೀರ್ಮಾನಿಸಬೇಡಿ ಎಂದು ಎಫ್‌ಡಿಎಯೇ ಅಲ್ಲಿ ಬರೆದಿದೆ. ಒಮ್ಮೆ ನಮ್ಮ ಖರೀದಿ ಸಮಿತಿಗೆ ಇಬ್ಬರು ಡೀಲರ್‌ಗಳು ಎದುರಾಳಿಯ ಯಂತ್ರದ ಮಾಡ್ ಪ್ರಿಂಟ್ ಹಿಡಿದು ಬಂದಿದ್ದರು. ಇಬ್ಬರಿಗೂ ಕಾಫಿ ಕೊಟ್ಟು ಕಳಿಸಿದೆವು.

ಆದರೆ ಮಾಡ್ ಅನ್ನು ನಾನು ಬಿಟ್ಟಿಲ್ಲ, ಅದಕ್ಕೆ ಕಾರಣ ನಮ್ಮ ನರ್ಸ್‌ಗಳು. ವಾರ್ಡಿನಲ್ಲಿ ಪಂಪ್ ತಪ್ಪು ಡೋಸ್ ತೋರಿಸಿತು ಎಂದರೆ ಮೊದಲ ಪ್ರಶ್ನೆ "ಸಿಸ್ಟರ್, ನೀವೇ ಸರಿಯಾಗಿ ಒತ್ತಿಲ್ವೇನೋ" ಅಂತಲೇ. 2005ರಿಂದ 2009ರ ನಡುವೆ ಎಫ್‌ಡಿಎಗೆ ಇನ್‌ಫ್ಯೂಷನ್ ಪಂಪ್‌ಗಳ ಬಗ್ಗೆ ಸುಮಾರು 56,000 ವರದಿಗಳು ಬಂದವು, 87 ರೀಕಾಲ್‌ಗಳಾದವು. ಕೂತು ಪರಿಶೀಲಿಸಿದಾಗ ಕಂಡ ದೋಷಗಳಲ್ಲಿ ಒಂದು, ಗುಂಡಿಯನ್ನು ಒಂದು ಸಲ ಒತ್ತಿದರೆ ಪಂಪು ಎರಡು ಸಲ ಎಂದು ತೆಗೆದುಕೊಳ್ಳುವುದು. 1 ಒತ್ತಿದವಳಿಗೆ ಪರದೆಯಲ್ಲಿ 11. ಬಳಸಿದವರ ತಪ್ಪು ಎಂದು ಬರೆದಿದ್ದ ಎಷ್ಟೋ ಘಟನೆಗಳ ಹಿಂದೆ ಯಂತ್ರದ ವಿನ್ಯಾಸದ ತಪ್ಪಿತ್ತು ಎಂದು ಎಫ್‌ಡಿಎ ಆಗ ಹೇಳಿತು. ಈಗ ಸಿಸ್ಟರ್ ಒಬ್ಬರು ವಿಚಿತ್ರ ದೂರು ತಂದರೆ, ಅದೇ ಮಾಡೆಲ್ಲಿಗೆ ಬೇರೆ ಕಡೆ ಇಂಥದ್ದೇ ಆಗಿದೆಯೇ ಎಂದು ಮಾಡ್‌ನಲ್ಲಿ ಘಟನೆಯ ವಿವರಣೆಗಳನ್ನು ಓದುತ್ತೇನೆ. ಸಂಖ್ಯೆ ಬಿಟ್ಟು ವಿವರಣೆ ಮಾತ್ರ ಓದುವವರಿಗೆ ಇದು ಒಳ್ಳೆಯ ತಾಣ. ಉಳಿದವರಿಗೆ ಬರೀ ಹೆದರಿಕೆ.

ಇಷ್ಟೂ ತಾಣಗಳನ್ನು ಒಂದೇ ಪ್ರಕರಣದಲ್ಲಿ ಒರೆಗೆ ಹಚ್ಚಬೇಕೆಂದರೆ ಫಿಲಿಪ್ಸ್ ರೆಸ್ಪಿರಾನಿಕ್ಸ್‌ನದು. 2021ರ ಜೂನ್ 14ರಂದು ಕಂಪನಿ ಸಿಪ್ಯಾಪ್, ಬೈಪ್ಯಾಪ್ (ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಯಂತ್ರಗಳು) ಮತ್ತು ಕೆಲವು ವೆಂಟಿಲೇಟರ್‌ಗಳ ರೀಕಾಲ್ ಪ್ರಕಟಿಸಿತು. ನಮ್ಮಲ್ಲಿ ಕೋವಿಡ್ ಎರಡನೇ ಅಲೆ ಆಗಷ್ಟೇ ಇಳಿಯುತ್ತಿತ್ತು, ಬೈಪ್ಯಾಪ್ ಎಂಬ ಹೆಸರು ಹಳ್ಳಿಯವರ ಬಾಯಲ್ಲೂ ಇತ್ತು. ದೋಷ ಇದ್ದದ್ದು ಮೋಟಾರಿನ ಸದ್ದು, ಅದುರು ತಗ್ಗಿಸಲು ಒಳಗಿಟ್ಟ ಫೋಮಿನಲ್ಲಿ. ಪಾಲಿಯೆಸ್ಟರ್ ಆಧಾರಿತ ಪಾಲಿಯುರೆಥೇನ್ ಫೋಮ್ ಕಾಲಕ್ರಮದಲ್ಲಿ ಪುಡಿಯಾಗಿ ಕಪ್ಪು ಕಣಗಳು ಗಾಳಿಯ ದಾರಿಗೆ ಬೀಳಬಹುದು, ಆವಿಯಾಗುವ ರಾಸಾಯನಿಕಗಳು ರೋಗಿಯ ಶ್ವಾಸಕ್ಕೆ ಸೇರಬಹುದು. ಓಜೋನ್ ಕ್ಲೀನರ್ ಬಳಸಿದರೆ, ಸೆಖೆ ಮತ್ತು ತೇವ ಹೆಚ್ಚಿದ್ದರೆ ಇನ್ನೂ ಬೇಗ. ಮಂಗಳೂರು, ಕಾರವಾರದ ಹವೆ, ನಮ್ಮ ಆಗುಂಬೆ ಕಡೆಯ ಮಳೆಗಾಲ ನೆನಸಿಕೊಂಡರೆ ಆ ಕೊನೆಯ ಮಾತು ನಮಗೇ ಹೇಳಿದಂತಿತ್ತು.

ಈ ರೀಕಾಲಿನಲ್ಲಿ ನನಗೆ ಹಿಡಿಸಿದ್ದು ಗುರುತು ಹಿಡಿಯುವ ಸುಲಭ. 2021ರ ಏಪ್ರಿಲ್ 26ಕ್ಕಿಂತ ಮೊದಲು ತಯಾರಾದದ್ದೇ, ಪಟ್ಟಿಯಲ್ಲಿರುವ ಮಾಡೆಲ್ಲೇ, ಹಾಗಿದ್ದರೆ ಸೀರಿಯಲ್ ನಂಬರ್ ಹಾಕಿ ನೋಂದಾಯಿಸಿ. ಟ್ರಿಲಜಿ 100, 200, ಎ30, ಎ40, ಡ್ರೀಮ್‌ಸ್ಟೇಷನ್, ಇ30 ಹೀಗೆ ಮಾಡೆಲ್‌ಗಳು ಹೆಸರು ಸಹಿತ ಇದ್ದವು. ಹಿಡಿಸದೆ ಇದ್ದದ್ದು ಪರಿಹಾರ. ಆ ಫೋಮಿನ ಬದಲಿಗೆ ಸಿಲಿಕೋನ್ ಫೋಮ್ ಹಾಕಿದ ಯಂತ್ರ ಕೈಗೆ ಬರಲು ಜಗತ್ತಿನಾದ್ಯಂತ ಜನ ತಿಂಗಳುಗಟ್ಟಲೆ ಕಾದರು. ಕಾಯುವವರೆಗೆ ಏನು ಮಾಡುವುದು? ರಾತ್ರಿ ಉಸಿರು ಕಟ್ಟುವವರಿಗೆ ಯಂತ್ರ ಬಿಡಿ ಎನ್ನುವುದೂ ಅಪಾಯ, ಬಳಸಿ ಎನ್ನುವುದೂ ಅಪಾಯ. ಜೀವಾಧಾರದ ವೆಂಟಿಲೇಟರ್ ಆದರೆ ವೈದ್ಯರನ್ನು ಕೇಳದೆ ನಿಲ್ಲಿಸಲೇಬೇಡಿ, ಬ್ಯಾಕ್ಟೀರಿಯಾ ಫಿಲ್ಟರ್ ಹಾಕುವುದನ್ನು ಪರಿಗಣಿಸಿ ಎಂದು ಸೂಚನೆ ಇತ್ತು. ಕಾಗದದ ಮೇಲೆ ಸರಿ. ಆದರೆ ಫಿಲ್ಟರ್ ಹಾಕಿದರೆ ಗಾಳಿಗೆ ತಡೆ ಹೆಚ್ಚುತ್ತದೆ, ಒತ್ತಡ ನೋಡಿಕೊಳ್ಳಬೇಕು, ತೇವ ಹಿಡಿದರೆ ಬದಲಿಸಬೇಕು. ಅದನ್ನು ಮನೆಯಲ್ಲಿರುವ ಅಜ್ಜಿಯೋ ಮೊಮ್ಮಗನೋ ಮಾಡಬೇಕು.

2024ರ ಜನವರಿ ಹೊತ್ತಿಗೆ ಈ ಯಂತ್ರಗಳ ಬಗ್ಗೆ ಎಫ್‌ಡಿಎಗೆ 1,16,000ಕ್ಕೂ ಹೆಚ್ಚು ವರದಿಗಳು ಬಂದಿದ್ದವು, ಅವುಗಳಲ್ಲಿ 561 ಸಾವಿನವು. ಮಾಡ್ ಬಗ್ಗೆ ಮೇಲೆ ಹೇಳಿದ ಎಚ್ಚರಿಕೆ ಈ ಸಂಖ್ಯೆಗೂ ಅನ್ವಯ: ಅಷ್ಟೂ ಸಾವು ಫೋಮಿನಿಂದ ಎಂದರ್ಥವಲ್ಲ. ಅದೇ ತಿಂಗಳು ಅಮೆರಿಕದಲ್ಲಿ ಹೊಸ ಸಿಪ್ಯಾಪ್ ಮಾರುವುದನ್ನು ಕಂಪನಿ ನಿಲ್ಲಿಸಿತು, ಏಪ್ರಿಲ್‌ನಲ್ಲಿ ಗಾಯಾಳುಗಳ ಮೊಕದ್ದಮೆಗಳನ್ನು 110 ಕೋಟಿ ಡಾಲರ್‌ಗೆ ಇತ್ಯರ್ಥ ಮಾಡಿಕೊಂಡಿತು, ತಪ್ಪು ಒಪ್ಪಿಕೊಳ್ಳದೆ.

ಎರಡನೇ ಅಲೆಯ ಆ ದಿನಗಳಲ್ಲಿ ನಮ್ಮಂಥ ಆಸ್ಪತ್ರೆಗಳಿಗೆ ದಾನದ ಯಂತ್ರಗಳು ಬಂದವು. ಊರಿನ ಕ್ಲಬ್‌ನವರು, ಹೊರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು, ಯಾರದೋ ನೆನಪಿಗೆ ಅವರ ಮನೆಯವರು. ಅವರ ಋಣ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆಕ್ಸಿಜನ್ ಕಾನ್ಸಂಟ್ರೇಟರ್‌ಗಳಲ್ಲಿ ಕೆಲವು 110 ವೋಲ್ಟಿನವು, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಹಾಕಿದರೆ ಸುಟ್ಟು ಹೋಗುವಂಥವು. ಅದನ್ನು ಹೇಗೋ ಸಂಭಾಳಿಸಿದೆವು. ಆದರೆ ಇನ್‌ವಾಯ್ಸ್ ಇಲ್ಲ. ಕಂಪನಿಯ ರೀಕಾಲ್ ಪತ್ರ ಹೋಗುವುದು ಇನ್‌ವಾಯ್ಸಿನಲ್ಲಿರುವ ಹೆಸರಿಗೆ. ದಾನಿ ಬೆಂಗಳೂರಿನಲ್ಲೋ ನ್ಯೂಜೆರ್ಸಿಯಲ್ಲೋ ಇದ್ದಾನೆ, ಯಂತ್ರ ಶಿವಮೊಗ್ಗದಲ್ಲಿದೆ, ನಡುವೆ ಸಂಬಂಧ ಕಲ್ಪಿಸುವ ಕಾಗದ ಇಲ್ಲ. ಅಂಥ ಯಂತ್ರಗಳಿಗೆ ಈ ತಾಣಗಳೇ ಗತಿ. ಅವುಗಳ ಮೇಲೆ ನಾವು ಹಸಿರು ಸ್ಟಿಕರ್ ಹಚ್ಚಿದ್ದೇವೆ: ಇದಕ್ಕೆ ಪತ್ರ ಬರುವುದಿಲ್ಲ, ನಾವೇ ಹುಡುಕಬೇಕು ಎಂಬ ಗುರುತಿಗೆ.

ಇನ್‌ವಾಯ್ಸ್ ಇದ್ದವಕ್ಕೂ ಪತ್ರ ಬಂದೇ ಬರುತ್ತದೆ ಅಂತಲ್ಲ. ನಮ್ಮಲ್ಲಿ ಒಂದು ಬಗೆಯ ಪಂಪಿನ ಬ್ಯಾಟರಿ ಬಗ್ಗೆ ರೀಕಾಲ್ ಇದೆ ಎಂದು ನನಗೆ ಗೊತ್ತಾದದ್ದು ಎಫ್‌ಡಿಎ ಪುಟದಲ್ಲಿ, ದೇಶಗಳ ಸಾಲಿನಲ್ಲಿ ಭಾರತದ ಹೆಸರು ನೋಡಿ. ಸೀರಿಯಲ್ ನಂಬರ್ ತಾಳೆ ಹಾಕಿದರೆ ನಮ್ಮವೂ ಇದ್ದವು. ಮಾರಿದ ಡೀಲರ್ ಆ ಕಂಪನಿಯ ಏಜೆನ್ಸಿ ಬಿಟ್ಟು ಬೇರೆ ವ್ಯಾಪಾರಕ್ಕೆ ಇಳಿದಿದ್ದ. ಪತ್ರ ಅವನ ವಿಳಾಸಕ್ಕೆ ಹೋಗಿತ್ತು. ಕಂಪನಿಗೆ ನೇರ ಬರೆದ ಮೇಲೆ ಎಂಜಿನಿಯರ್ ಬಂದು ಬದಲಿಸಿಕೊಟ್ಟರು, ದುಡ್ಡು ಕೇಳಲಿಲ್ಲ. ಹೆಸರು ಬೇಡ. ಈ ಕಥೆ ಹೇಳಿದರೆ ಪ್ರತಿ ಊರಿನ ಬಯೋಮೆಡಿಕಲ್‌ನವರೂ ತಮ್ಮದೊಂದು ಸೇರಿಸುತ್ತಾರೆ.

ಈಗ ನಮ್ಮ ದೇಶದ ಸೇವೆ. ವೈದ್ಯಕೀಯ ಸಾಧನಗಳ ನಿಯಮ 2017ರಲ್ಲಿ ಬಂತು, 2018ರ ಜನವರಿ 1ರಿಂದ ಜಾರಿ. 2020ರ ಏಪ್ರಿಲ್‌ನಿಂದ ಎಲ್ಲ ಸಾಧನಗಳೂ ಔಷಧ ಕಾಯ್ದೆಯ ಕೆಳಗೆ ಬಂದಿವೆ. ಅಪಾಯವಿದೆ ಎಂದು ತಯಾರಕರಿಗೋ ಅಧಿಕೃತ ಏಜೆಂಟರಿಗೋ ಅನಿಸಿದರೆ ತಾವೇ ಹಿಂತೆಗೆದು ಪ್ರಾಧಿಕಾರಕ್ಕೆ ತಿಳಿಸಬೇಕು ಎಂಬ ಕಟ್ಟಳೆ ಇದೆ. ದೂರು ಕೊಡುವ ವ್ಯವಸ್ಥೆ 2015ರ ಜುಲೈ 6ರಂದು ಶುರುವಾದ, ಸಾಧನಗಳಿಂದಾಗುವ ತೊಂದರೆಗಳ ಮೇಲೆ ಕಣ್ಣಿಡುವ ಮೆಟೀರಿಯೊವಿಜಿಲೆನ್ಸ್ ಕಾರ್ಯಕ್ರಮ, ಕೇಂದ್ರ ಗಾಜಿಯಾಬಾದಿನ ಇಂಡಿಯನ್ ಫಾರ್ಮಾಕೊಪಿಯಾ ಕಮಿಷನ್. ದೂರು ಕೊಡುವ ಭಾಗಕ್ಕೆ ನಾನು ಒಳ್ಳೆಯ ಅಂಕವನ್ನೇ ಕೊಡುತ್ತೇನೆ. ಡಾಕ್ಟರೇ ಬರೆಯಬೇಕೆಂದಿಲ್ಲ, ನರ್ಸ್, ಟೆಕ್ನಿಷಿಯನ್, ರೋಗಿ ಯಾರೂ ಫಾರ್ಮ್ ತುಂಬಬಹುದು. 1800-180-3024 ಉಚಿತ ಸಹಾಯವಾಣಿ. ಸಾಧನದಿಂದಲೇ ಆಯಿತು ಎಂದು ಸಾಬೀತು ಮಾಡಿ ಕಳಿಸಬೇಕಿಲ್ಲ, ಅನುಮಾನ ಸಾಕು. ನಮ್ಮ ಸಿಸ್ಟರ್‌ಗಳಿಗೆ ಇದನ್ನು ಹೇಳಿದಾಗ ಬಂದ ಮೊದಲ ಪ್ರಶ್ನೆ "ನಮ್ಮ ಕೆಲಸಕ್ಕೆ ಏನೂ ತೊಂದರೆ ಆಗಲ್ವಲ್ಲ ಮೇಡಂ?" ಎಂದು. ಆ ಭಯ ಹೋಗದೆ ಯಾವ ಫಾರ್ಮೂ ತುಂಬುವುದಿಲ್ಲ, ಅದು ಗಾಜಿಯಾಬಾದಿನವರ ಕೈಯಲ್ಲಿಲ್ಲ, ನಮ್ಮ ಮೇಟ್ರನ್ ಕೈಯಲ್ಲಿದೆ.

ಹುಡುಕುವ ಭಾಗಕ್ಕೆ ಬಂದರೆ ಅಂಕ ಇಳಿಯುತ್ತದೆ. ಸಿಡಿಎಸ್‌ಸಿಒ ತಾಣದಲ್ಲಿ ಎಚ್ಚರಿಕೆಗಳು ಬಿಡಿ ಪಿಡಿಎಫ್‌ಗಳಾಗಿ ಬರುತ್ತವೆ. ಸೀರಿಯಲ್ ನಂಬರ್ ಹಾಕಿ ತಾಳೆ ನೋಡಲು ಎಫ್‌ಡಿಎಯಲ್ಲಿ ಸಿಗುವಂಥ ಅನುಕೂಲ ಅಲ್ಲಿಲ್ಲ. ಬೆಲೆ ಏನು ತೆರಬೇಕಾಗುತ್ತದೆ ಎಂಬುದಕ್ಕೆ ಸೊಂಟದ ಕೀಲಿನ ಪ್ರಕರಣ ಇದೆ. ಜಾನ್ಸನ್ ಅಂಡ್ ಜಾನ್ಸನ್‌ನ ಡಿಪ್ಯೂ ಕಂಪನಿ 2010ರ ಆಗಸ್ಟ್‌ನಲ್ಲಿ ಎಎಸ್‌ಆರ್ ಕೃತಕ ಕೀಲನ್ನು ಜಗತ್ತಿನಾದ್ಯಂತ ಹಿಂತೆಗೆಯಿತು. ಲೋಹದ ಗುಂಡು ಲೋಹದ ಬಟ್ಟಲಿನಲ್ಲಿ ತಿಕ್ಕಿ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರುತ್ತಿತ್ತು. ಐದೇ ವರ್ಷದಲ್ಲಿ ಎಂಟರಲ್ಲೊಬ್ಬರಿಗೆ ಮರು ಶಸ್ತ್ರಚಿಕಿತ್ಸೆ ಬೇಕಾಗುತ್ತಿತ್ತು ಎಂದು ಯಾರಿಗೆ ಯಾವ ಕೃತಕ ಕೀಲು ಹಾಕಿದರು ಎಂದು ದಾಖಲಿಸುವ ಬ್ರಿಟನ್ನಿನ ಕೀಲು ನೋಂದಣಿಯ ಅಂಕಿ ಹೇಳಿತು. ಆಸ್ಟ್ರೇಲಿಯದಲ್ಲಿ ಅದಕ್ಕೂ ಮೊದಲೇ, 2009ರ ಕೊನೆಗೆ, ಮಾರಾಟದಿಂದ ತೆಗೆದಿದ್ದರು, ಕಾರಣ ಅಲ್ಲೂ ನೋಂದಣಿ ಪುಸ್ತಕ ಇತ್ತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಾಗಿದ್ದವು. ಕೇಂದ್ರ ಸರ್ಕಾರದ ಸಮಿತಿ 2017ರಲ್ಲಿ ಕೂತು ಲೆಕ್ಕ ಹಾಕುವಾಗ 3,600 ಮಂದಿಯ ಪತ್ತೆಯೇ ಇರಲಿಲ್ಲ. ಪರಿಹಾರದ ಸೂತ್ರ ಆಮೇಲೆ ಬಂತು, 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆ. ಕೊಡಲು ಜನ ಸಿಗಬೇಕಲ್ಲ.

ಆದ್ದರಿಂದ ತಾಣದ ವಿಮರ್ಶೆ ಅರ್ಧ, ನಮ್ಮ ರಿಜಿಸ್ಟರಿನ ವಿಮರ್ಶೆ ಇನ್ನರ್ಧ. ಎಫ್‌ಡಿಎ ಎಷ್ಟೇ ಚೆನ್ನಾಗಿ ಸೀರಿಯಲ್ ನಂಬರ್ ಕೊಟ್ಟರೂ ನಮ್ಮ ಪುಸ್ತಕದಲ್ಲಿ "ಸಿರಿಂಜ್ ಪಂಪ್ – 6" ಎಂದಷ್ಟೇ ಇದ್ದರೆ ತಾಳೆ ಹಾಕುವುದು ಯಾವುದಕ್ಕೆ? ಮಾಡೆಲ್, ಸೀರಿಯಲ್, ತಯಾರಾದ ದಿನಾಂಕ, ಸಾಫ್ಟ್‌ವೇರ್ ಆವೃತ್ತಿ, ಈಗ ಯಾವ ವಾರ್ಡಿನಲ್ಲಿದೆ ಎಂದು ಇರಬೇಕು. ಯಂತ್ರಗಳದ್ದು ಹೇಗೋ ಆಗುತ್ತದೆ. ಕಷ್ಟ ಇರುವುದು ಕ್ಯಾತಿಟರ್, ಐವಿ ಸೆಟ್, ಸ್ಟೆಂಟ್‌ಗಳದ್ದು. ಲಾಟ್ ನಂಬರ್ ಇರುವ ಡಬ್ಬಿ ಸ್ಟೋರ್ಸಿನಲ್ಲೇ ಬಿಚ್ಚಿ ಕಸಕ್ಕೆ ಹೋಗುತ್ತದೆ, ವಾರ್ಡಿಗೆ ಬಿಡಿ ಪೊಟ್ಟಣ ಬರುತ್ತದೆ, ಅದನ್ನು ಹರಿದು ಎಸೆದರೆ ಮುಗಿಯಿತು. ಹೃದಯಕ್ಕೆ ಸ್ಟೆಂಟ್ ಹಾಕುವ ಕ್ಯಾಥ್‌ಲ್ಯಾಬಿನವರು ಮಾತ್ರ ಸ್ಟೆಂಟಿನ ಸ್ಟಿಕರನ್ನು ಕೇಸ್ ಶೀಟಿಗೆ ಅಂಟಿಸುತ್ತಾರೆ, ಬಿಲ್ಲಿಂಗ್‌ಗೆ ಬೇಕು ಅಂತ. ವಿಮೆಯವರ ಕಾಟದಿಂದ ರೋಗಿಗೆ ಒಳ್ಳೆಯದಾದ ಅಪರೂಪದ ಉದಾಹರಣೆ.

ದುಡ್ಡು ಕೊಟ್ಟು ಪಡೆಯುವ ಸೇವೆಗಳೂ ಇವೆ. ಪೆನ್ಸಿಲ್ವೇನಿಯಾದ ಇಸಿಆರ್‌ಐ ಸಂಸ್ಥೆ ನಿಮ್ಮ ಆಸ್ಪತ್ರೆಯ ಯಂತ್ರಗಳ ಪಟ್ಟಿಗೆ ಹೊಂದುವ ರೀಕಾಲ್‌ಗಳನ್ನು ಮಾತ್ರ ಸೋಸಿ ಕೊಡುತ್ತದೆ. ಬಳಸುವ ಸ್ನೇಹಿತರು ಹೊಗಳುತ್ತಾರೆ. ನಮ್ಮ ಆಡಳಿತ ಮಂಡಳಿಯ ಮುಂದೆ ಆ ಬಿಲ್ ಇಡುವ ಧೈರ್ಯ ನನಗಿನ್ನೂ ಬಂದಿಲ್ಲ. ಅವರು ಪ್ರತಿ ವರ್ಷ ಪ್ರಕಟಿಸುವ ಹತ್ತು ಅಪಾಯಗಳ ಪಟ್ಟಿಯ ಸಾರಾಂಶ ಪುಕ್ಕಟೆ ಸಿಗುತ್ತದೆ, ನರ್ಸಿಂಗ್ ತರಬೇತಿಗೆ ಅದನ್ನೇ ಬಳಸುತ್ತೇನೆ. 2018ರ ನವೆಂಬರ್‌ನಲ್ಲಿ ಐಸಿಐಜೆ ಎಂಬ ತನಿಖಾ ಪತ್ರಕರ್ತರ ಒಕ್ಕೂಟ ಹಲವು ದೇಶಗಳ ರೀಕಾಲ್‌ಗಳನ್ನು ಒಂದೇ ಕಡೆ ಹುಡುಕುವಂತೆ ಹಾಕಿತು. ಹಳೆಯ ಪ್ರಕರಣ ಕೆದಕಲು ಚೆನ್ನ, ಇವತ್ತಿನ ಕೆಲಸಕ್ಕೆ ನಾನು ಅದನ್ನು ತೆರೆಯುವುದಿಲ್ಲ.

ಹುಬ್ಬಳ್ಳಿಯ ಹುಡುಗನಿಗೆ ಹೇಳಿದ್ದು ಇನ್ನೊಂದು: ಎಂಎಚ್‌ಆರ್‌ಎ ಇಮೇಲ್‌ಗೆ ನಿನ್ನ ಸ್ವಂತ ವಿಳಾಸ ಕೊಡಬೇಡ, ವಿಭಾಗದ ವಿಳಾಸ ಕೊಡು. ನಮ್ಮ ಕ್ಷೇತ್ರದಲ್ಲಿ ಎರಡು ವರ್ಷಕ್ಕೊಮ್ಮೆ ಹುಡುಗರು ಕೆಲಸ ಬದಲಿಸುತ್ತಾರೆ, ಎಚ್ಚರಿಕೆಗಳೂ ಅವರ ಜೊತೆ ಊರು ಬಿಡುತ್ತವೆ.

ಮನೆಯಲ್ಲಿ ಸಿಪ್ಯಾಪ್, ಬೈಪ್ಯಾಪ್ ಇಟ್ಟುಕೊಂಡಿರುವವರಿಗೂ ಇದೇ ತಾಣಗಳು ನಡೆಯುತ್ತವೆ. ಸೀರಿಯಲ್ ನಂಬರ್ ಯಂತ್ರದ ತಳದ ಲೇಬಲ್ಲಿನಲ್ಲಿರುತ್ತದೆ. ಯಂತ್ರವನ್ನು ತಿರುಗಿಸುವ ಮೊದಲು ಹ್ಯೂಮಿಡಿಫೈಯರ್ ನೀರನ್ನು ಚೆಲ್ಲಿ, ಇಲ್ಲದಿದ್ದರೆ ಮೋಟಾರಿಗೆ ಇಳಿಯುತ್ತದೆ. ಪಟ್ಟಿಯಲ್ಲಿ ಹೆಸರು ಸಿಕ್ಕಿತೆಂದು ಆ ರಾತ್ರಿಯೇ ಬಿಟ್ಟು ಮಲಗಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಬೆಲೆ ಮಾತಾಡುವ ಮೊದಲು ಆ ಲೇಬಲ್ಲಿನ ಫೋಟೊ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಫೋಟೊ ಕಳಿಸಲು ಮಾರುವವನು ಹಿಂದೆಮುಂದೆ ನೋಡಿದರೆ ಆ ಯಂತ್ರ ಬೇಡ.